ಬೇಸಿಗೆಯ ತರಕಾರಿ ಪಾನಕ: ಮೊದಲ ಲೋಟ ಅಡುಗೆಮನೆಗೆ ಸಲ್ಲಲಿ



ಹೋಳಿ ಹುಣ್ಣಿಮೆ ಕಳೆಯಿತೆಂದರೆ ಸಾಕು, ಮುಂಬಯಿಯಲ್ಲಿ ನಮ್ಮ ಧಂದೆಯವರು ನಾಲ್ಕು ಜನ ಸೇರಿದಲ್ಲೆಲ್ಲ ಒಂದೇ ಮಾತು. ಈ ಸಲ ಕೌಂಟರಿನಲ್ಲಿ ಯಾವ ಜ್ಯೂಸ್ ಇಡುವುದು, ಮೋಸಂಬಿ ದರ ಎಷ್ಟಾಯಿತು, ಐಸ್‌ಕ್ರೀಮ್ ಫ್ರಿಜ್ ಎಲ್ಲಿ ನಿಲ್ಲಿಸುವುದು, ಮಜ್ಜಿಗೆ ಲೋಟಕ್ಕೆ ಎಷ್ಟು ಮಾಡುವುದು. ಈ ಮಾತು ತಪ್ಪು ಎಂದು ನಾವು ಹೇಳುವುದಿಲ್ಲ. ಶಾಲೆಗಳಿಗೆ ರಜೆ ಬಿದ್ದು ಜನ ಊರಿಗೆ ಹೋಗಿರುತ್ತಾರೆ, ಮಧ್ಯಾಹ್ನದ ಊಟದ ಗಿರಾಕಿ ಕಡಿಮೆ, ತಂಪು ಪಾನೀಯದಿಂದಲೇ ಗಲ್ಲಾ ತೂಗಿಸಬೇಕು. ಆದರೆ ಈ ಎಲ್ಲ ಮಾತಿನ ನಡುವೆ ಒಬ್ಬನ ಸುದ್ದಿ ಮಾತ್ರ ಬರುವುದೇ ಇಲ್ಲ. ಅವನು ನಮ್ಮ ಅಡುಗೆಮನೆಯಲ್ಲಿ ಭಟ್ಟಿಯ ಎದುರು ನಿಂತವನು. ಅವನು ಇಡೀ ದಿನ ಏನು ಕುಡಿಯುತ್ತಾನೆ ಎಂದು ಕೇಳುವವರಿಲ್ಲ. ನಾವೂ ಎಷ್ಟೋ ವರ್ಷ ಕೇಳಿದವರಲ್ಲ.

ಹಾಗೆ ಕೇಳುವ ಬುದ್ಧಿ ನಮಗೆ ಹೇಗೆ ಬಂತು, ಮನೆಯಲ್ಲಿ ಹೆಂಗಸರು ಮಾಡುವ ಸಾದಾ ತರಕಾರಿ ಜ್ಯೂಸ್ ನಮ್ಮ ಹೊಟೇಲಿನ ಅಡುಗೆಮನೆಗೆ ಹೇಗೆ ಬಂತು ಎಂದು ನಾಲ್ಕು ಜನರಿಗೆ ಹೇಳಬೇಕೆನಿಸಿ ಈ ಲೇಖನ ಬರೆಯುತ್ತಿದ್ದೇವೆ. ನಾವು ಓದಿದ್ದು ಹತ್ತನೆಯ ತನಕ, ಅದೂ ರಾತ್ರಿ ಶಾಲೆಯಲ್ಲಿ. ಭಾಷೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಅಂದು ಭಟ್ರು ಕೊಡುತ್ತಿದ್ದ ಲೋಟ

ನಾವು ಊರಿನಲ್ಲಿ ಏಳನೆಯ ಪಾಸಾಗಿ ಮುಂಬಯಿಗೆ ಬಂದದ್ದು 1984ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ. ಕೋಟೆ ಭಾಗದ ಒಂದು ಹೊಟೇಲಿನಲ್ಲಿ ಕಪ್ಪು ಬಶಿ ತೊಳೆಯುವ ಕೆಲಸ. ಸಂಜೆ ಧಣಿಗಳು ಬಿಟ್ಟರೆ ರಾತ್ರಿ ಶಾಲೆ. ನಿಮ್ಮಲ್ಲಿ ಹೆಚ್ಚಿನವರ ಕತೆಯೂ ಇದೇ ಆಗಿರುವುದರಿಂದ ಅದನ್ನು ಬೆಳೆಸುವುದಿಲ್ಲ. ಒಂದು ವಿಷಯ ಮಾತ್ರ ಹೇಳಬೇಕು.

ಆ ಹೊಟೇಲಿನಲ್ಲಿ ವಾರಕ್ಕೆ ಎರಡು ದಿನ ಊಟಕ್ಕೆ ಬಣ್ಣದ ಸೌತೆಯ ಹುಳಿ ಮಾಡುತ್ತಿದ್ದರು. ನಾವು ಸಾಂಬಾರು ಸೌತೆ, ಮಂಗಳೂರು ಸೌತೆ ಎನ್ನುತ್ತೇವಲ್ಲ, ಅದೇ. ಹೋಳು ಮಾಡುವಾಗ ಒಳಗಿನ ತಿರುಳನ್ನೂ ಬೀಜವನ್ನೂ ಕೆರೆದು ತೆಗೆಯಬೇಕು. ಅಡುಗೆಯ ಭಟ್ರು ಅದನ್ನು ಬಿಸಾಡಲು ಬಿಡುತ್ತಿರಲಿಲ್ಲ. ಒಂದು ದೊಡ್ಡ ಪಾತ್ರೆಯಲ್ಲಿ ನೀರು ಹಾಕಿ ಆ ತಿರುಳನ್ನು ಕೈಯಲ್ಲೇ ಕಿವುಚಿ, ಬಟ್ಟೆಯಲ್ಲಿ ಸೋಸಿ, ಬೆಲ್ಲ, ಏಲಕ್ಕಿ, ಒಂದು ಚಿಟಿಕೆ ಉಪ್ಪು ಹಾಕಿ ಇಡುತ್ತಿದ್ದರು. ಮಧ್ಯಾಹ್ನ ಊಟದ ಗಡಿಬಿಡಿ ಮುಗಿದ ಮೇಲೆ, ಮೂರು ಗಂಟೆ ಹೊತ್ತಿಗೆ, ಮೋರಿಯಲ್ಲಿ ಕೂತ ನಮಗೂ ಕಾವಲಿಯ ಎದುರು ನಿಂತವರಿಗೂ ಒಂದೊಂದು ಲೋಟ. ‘ಕುಡಿ ಮಾಣಿ, ಊರಿಗೆ ಹೋದ ಹಾಗೆ ಆಗ್ತದೆ’ ಎನ್ನುತ್ತಿದ್ದರು. ನಿಜಕ್ಕೂ ಹಾಗೆಯೇ ಆಗುತ್ತಿತ್ತು. ನಮ್ಮ ಅಮ್ಮನೂ ಮನೆಯಲ್ಲಿ ಅದನ್ನೇ ಮಾಡುತ್ತಿದ್ದರು.

ಮುಂದೆ ನಾವು ಕಪ್ಪು ಬಶಿಯಿಂದ ಟೇಬಲಿಗೆ, ಟೇಬಲಿನಿಂದ ಗಲ್ಲಾಕ್ಕೆ, ಕೊನೆಗೆ ಉಪನಗರದಲ್ಲಿ ಸ್ವಂತ ಹೊಟೇಲಿಗೆ ಬಂದೆವು. ಈ ಪಾನಕ ಮಾತ್ರ ನಮ್ಮ ಜತೆ ಬರಲಿಲ್ಲ. ತಂಪು ಪಾನೀಯದ ಕಂಪನಿಯವರು ಫ್ರಿಜ್ ತಂದು ನಿಲ್ಲಿಸಿದರು. ಹುಡುಗರು ತಮ್ಮ ಟಿಪ್ಸಿನ ದುಡ್ಡಿನಲ್ಲಿ ಬಾಟಲಿ ತೆಗೆದುಕೊಂಡು ಕುಡಿಯತೊಡಗಿದರು. ನಾವೂ ಮಾಲಕರ ದೊಡ್ಡ ಮನಸ್ಸು ಎಂದು ತೋರಿಸಿಕೊಳ್ಳಲು ರಶ್ ಇದ್ದ ದಿನ ಎಲ್ಲರಿಗೂ ಒಂದೊಂದು ಬಾಟಲಿ ಕೊಡಿಸಿದ್ದೂ ಉಂಟು. ಸೌತೆಯ ತಿರುಳು ಕಸದ ಡಬ್ಬಿಗೆ ಹೋಗತೊಡಗಿತು. ಯಾರಿಗೂ ಗೊತ್ತಾಗಲೇ ಇಲ್ಲ.

2023ರ ಬೇಸಿಗೆ

2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ದೊಡ್ಡ ಸಮಾರಂಭಕ್ಕೆ ಬಂದ ಜನರಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಬಿಸಿಲಿನ ಹೊಡೆತಕ್ಕೆ ಪ್ರಾಣ ಕಳೆದುಕೊಂಡದ್ದು ನಿಮಗೆಲ್ಲ ನೆನಪಿರಬಹುದು. ಮರುದಿನ ಪೇಪರು ಓದಿ ನಾವು ಗಲ್ಲಾದಲ್ಲಿ ಕೂತು, ಅಷ್ಟು ಬಿಸಿಲಿನಲ್ಲಿ ಜನರನ್ನು ಕೂರಿಸಿದ್ದು ತಪ್ಪು ಎಂದು ಗಿರಾಕಿಗಳ ಜತೆ ಜೋರಾಗಿಯೇ ಮಾತಾಡಿದ್ದೆವು. ನಮ್ಮ ಬೆನ್ನ ಹಿಂದೆ ಹದಿನೈದು ಅಡಿ ದೂರದಲ್ಲಿ ನಮ್ಮದೇ ಹುಡುಗರು ಅದಕ್ಕಿಂತ ಹೆಚ್ಚಿನ ಸೆಕೆಯಲ್ಲಿ ನಿಂತಿದ್ದಾರೆ ಎಂಬುದು ಆಗ ತಲೆಗೆ ಹೋಗಲಿಲ್ಲ.

ಮುಂದಿನ ತಿಂಗಳೇ ಹೋಯಿತು. ಒಂದು ಆದಿತ್ಯವಾರ, ಬೆಳಗಿನಿಂದ ದೋಸೆಗೆ ಬಿಡುವಿಲ್ಲ. ನಮ್ಮ ದೋಸೆಯವನು ಜಾರ್ಖಂಡಿನ ಹುಡುಗ, ಇಪ್ಪತ್ತಮೂರು ವರ್ಷ, ಕೆಲಸದಲ್ಲಿ ಬಲು ಚುರುಕು. ಎರಡೂವರೆ ಗಂಟೆಗೆ ಒಂದು ಮಸಾಲೆ ಬರಲು ತಡವಾಯಿತು, ಮತ್ತೊಂದು ಸುಟ್ಟು ಬಂತು. ನಾವು ಗಲ್ಲಾದಿಂದ ಎದ್ದು ಹೋಗಿ ಗದರಿಸಿದೆವು. ಅವನು ಉತ್ತರ ಕೊಡಲಿಲ್ಲ, ಏನೋ ಸಂಬಂಧವಿಲ್ಲದ ಮಾತಾಡಿದ. ಕುಡಿದು ಬಂದಿದ್ದಾನೆಂದೇ ನಾವು ತಿಳಿದೆವು. ಎರಡನೆಯ ಸಲ ಗದರಿಸುವಾಗ ಅವನು ಹಾಗೆಯೇ ಕುಸಿದು ಬಿದ್ದ. ಪುಣ್ಯಕ್ಕೆ ಕಾವಲಿಯ ಮೇಲೆ ಬೀಳಲಿಲ್ಲ, ಹಿಂದಕ್ಕೆ ಬಿದ್ದ.

ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರರು ಸಲೈನ್ ಹಾಕಿದರು. ಆಮೇಲೆ ನಮ್ಮನ್ನು ಕರೆದು, ‘ಇವನು ಬೆಳಗಿನಿಂದ ಏನು ಕುಡಿದಿದ್ದಾನೆ?’ ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಜತೆಗಿದ್ದ ಹುಡುಗ ಹೇಳಿದ: ಎರಡು ಚಹಾ, ಒಂದು ಕೋಲಾ ಬಾಟಲಿ. ನೀರು ಕುಡಿದರೆ ಶೌಚಕ್ಕೆ ಹೋಗಬೇಕು, ಆದಿತ್ಯವಾರ ಕಾವಲಿ ಬಿಟ್ಟು ಹೋದರೆ ಸೇಠ್ ಬಯ್ಯುತ್ತಾರೆ ಎಂದು ನೀರೇ ಕುಡಿಯುತ್ತಿರಲಿಲ್ಲವಂತೆ. ಆ ಸೇಠ್ ನಾವೇ.

ಹುಡುಗ ಎರಡು ದಿನದಲ್ಲಿ ಚೇತರಿಸಿಕೊಂಡ. ಊರಿಗೆ ಹೋಗಿ ಬರುತ್ತೇನೆಂದು ಹೋದವನು ಹಿಂದೆ ಬರಲಿಲ್ಲ. ನಾವು ಫೋನು ಮಾಡಿದ್ದೆವು, ಎತ್ತಲಿಲ್ಲ.

ಮನೆಯಲ್ಲಿ ಸಿಕ್ಕಿದ ಬುದ್ಧಿ

ಆ ರಾತ್ರಿ ಮನೆಗೆ ಹೋದಾಗ ನಮ್ಮ ಮನೆಯವರು ಎಂದಿನಂತೆ ಸೌತೆಯ ತಿರುಳಿನ ಜ್ಯೂಸ್ ತಂದು ಕೊಟ್ಟರು. ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಇದು ತಪ್ಪುವುದಿಲ್ಲ. ನಡೆದ ಸಂಗತಿ ಹೇಳಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಹೊಟೇಲಿನಲ್ಲಿಯೂ ಸೌತೆ ತರಿಸ್ತೀರಲ್ಲ, ಅದರ ತಿರುಳು ಎಲ್ಲಿಗೆ ಹೋಗ್ತದೆ?’ ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಹೋಗಿ ನೋಡಿದೆವು. ಆ ದಿನ ನಮ್ಮ ಅಡುಗೆಮನೆಯಲ್ಲಿ ಆರು ಕಿಲೋ ಸೌತೆ ಹೆಚ್ಚಿದ್ದರು. ತಿರುಳು ಒಂದು ಸಣ್ಣ ಬಾಲ್ದಿಯಷ್ಟು, ಕಸಕ್ಕೆ ಹೋಗಲು ತಯಾರಾಗಿತ್ತು. ಇನ್ನೊಂದು ಕಡೆ ಕಾಶಿ ಹಲ್ವಕ್ಕೆ ಬೂದುಗುಂಬಳ ತುರಿದು ಹಿಂಡಿದ ನೀರು ಮೋರಿಗೆ ಹೋಗುತ್ತಿತ್ತು. ಕೆಲವರು ಆ ನೀರಿನಲ್ಲೇ ತುರಿ ಬೇಯಿಸುತ್ತಾರೆ, ನಮ್ಮವನು ಚೆಲ್ಲುತ್ತಿದ್ದ. ಸೌತೆಯಾಗಲಿ ಬೂದುಗುಂಬಳವಾಗಲಿ ನೂರರಲ್ಲಿ ಸುಮಾರು 95 ಪಾಲು ನೀರೇ. ನಾವು ಮಾರುಕಟ್ಟೆಯಲ್ಲಿ ತೂಕಕ್ಕೆ ದುಡ್ಡು ಕೊಟ್ಟು ತಂದ ಆ ನೀರನ್ನು ಮೋರಿಗೆ ಸುರಿದು, ಬಾಟಲಿಯ ನೀರಿಗೆ ಮತ್ತೆ ದುಡ್ಡು ಕೊಡುತ್ತಿದ್ದೆವು.

ಮುಂಬಯಿಯ ಸೆಕೆಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮ ಊರಿನ ಹಾಗೆ ಇಲ್ಲಿಯೂ ಸಮುದ್ರ ಹತ್ತಿರ, ಗಾಳಿಯಲ್ಲಿ ತೇವ ಹೆಚ್ಚು. ಮೈಯ ಬೆವರು ಆರಿದರೆ ಮಾತ್ರ ಮೈ ತಂಪಾಗುವುದು. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಹರಿದು ಹೋಗುತ್ತದೆ. ಮೈ ತಂಪಾಗುವುದಿಲ್ಲ, ಮೈಯ ನೀರು ಮತ್ತು ಉಪ್ಪು ಮಾತ್ರ ಖಾಲಿಯಾಗುತ್ತದೆ. ಹೊರಗೆ 34 ಡಿಗ್ರಿ ಇದ್ದರೂ ಮೈಗೆ ಅದಕ್ಕಿಂತ ಹೆಚ್ಚು ತಟ್ಟುವುದು ಇದಕ್ಕೇ. ಇನ್ನು ಅಡುಗೆಮನೆಯಲ್ಲಿ ಇಡ್ಲಿ ಸ್ಟೀಮರಿನ ಹಬೆ, ಎಣ್ಣೆ ಬಾಣಲೆ, ಕಾವಲಿ ಎಲ್ಲ ಸೇರಿದರೆ ಹೇಳುವುದೇ ಬೇಡ. ಅಲ್ಲಿ ನಿಂತವನಿಗೆ ಬೇಕಾದದ್ದು ನೀರು, ಸ್ವಲ್ಪ ಉಪ್ಪು, ಸ್ವಲ್ಪ ಸಿಹಿ. 300 ಎಂ.ಎಲ್. ಕೋಲಾದಲ್ಲಿ ಸಕ್ಕರೆಯೇ ಸುಮಾರು 30 ಗ್ರಾಂ ಇರುತ್ತದೆ, ಎಂದರೆ ಆರೇಳು ಚಮಚ. ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಬಾಯಿಗೆ ತಂಪು ಅಷ್ಟೇ.

ಮಾಡುವ ಕ್ರಮ

ನಮ್ಮಲ್ಲಿ ಈಗ ಮಾರ್ಚಿನಿಂದ ಮಳೆ ಬರುವ ತನಕ ಮೂರು ತರದ ಪಾನಕ ನಡೆಯುತ್ತದೆ. ಮನೆಯ ಅಳತೆಯಲ್ಲೇ ಹೇಳುತ್ತೇವೆ, ಹೊಟೇಲಿಗೆ ಬೇಕಾದವರು ಹೆಚ್ಚಿಸಿಕೊಳ್ಳಬಹುದು. ಮನೆಯಲ್ಲಿ ಮಕ್ಕಳಿಗೂ ಇದೇ ಕ್ರಮ.

ಒಂದನೆಯದು ಬಣ್ಣದ ಸೌತೆಯ ತಿರುಳಿನ ಪಾನಕ. ಸೌತೆಯನ್ನು ಚೆನ್ನಾಗಿ ತೊಳೆದು ಉದ್ದಕ್ಕೆ ಸೀಳಿ, ತಿರುಳು ಬೀಜ ಎರಡನ್ನೂ ಚಮಚದಲ್ಲಿ ಕೆರೆದು ತೆಗೆಯಿರಿ. ಹಣ್ಣಾದ ಸೌತೆಯಾದರೆ ತಿರುಳು ಹೆಚ್ಚು, ರುಚಿಯೂ ಹೆಚ್ಚು. ಒಂದು ದೊಡ್ಡ ಬಟ್ಟಲು ತಿರುಳಿಗೆ ಮೂರು ಲೋಟ ಕುಡಿಯುವ ನೀರು ಹಾಕಿ ಕೈಯಲ್ಲಿ ಕಿವುಚಿ. ಮಿಕ್ಸರಿಗೆ ಹಾಕುವುದಾದರೆ ಒಂದೆರಡು ಸುತ್ತು ಸಾಕು. ತೆಳು ಬಟ್ಟೆಯಲ್ಲಿ ಸೋಸಿ. ನಾಲ್ಕು ದೊಡ್ಡ ಚಮಚ ಬೆಲ್ಲವನ್ನು ಬೇರೆಯೇ ನೀರಿನಲ್ಲಿ ಕರಗಿಸಿ ಸೋಸಿ ಸೇರಿಸಿ, ಏಕೆಂದರೆ ಬೆಲ್ಲದಲ್ಲಿ ಮಣ್ಣು, ಕಬ್ಬಿನ ನಾರು ಇರುತ್ತದೆ. ಎರಡು ಏಲಕ್ಕಿ ಗುದ್ದಿ ಹಾಕಿ, ಒಂದು ಚಿಟಿಕೆ ಉಪ್ಪು. ನಾಲ್ಕು ಲೋಟ ಆಗುತ್ತದೆ.

ಎರಡನೆಯದು ಮುಳ್ಳುಸೌತೆಯದು. ಇಲ್ಲಿಯವರು ಕಾಕಡಿ ಎನ್ನುತ್ತಾರೆ. ಮಧ್ಯಮ ಗಾತ್ರದ ಎರಡು ಮುಳ್ಳುಸೌತೆ, ಅರ್ಧ ಇಂಚು ಶುಂಠಿ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ನಾಲ್ಕು ಕರಿಬೇವಿನ ಎಲೆ, ಖಾರ ಬೇಕಾದರೆ ಅರ್ಧ ಹಸಿಮೆಣಸು. ಎರಡು ಲೋಟ ನೀರು ಹಾಕಿ ರುಬ್ಬಿ ಸೋಸಿ. ಒಂದು ಲಿಂಬೆಹಣ್ಣಿನ ರಸ, ಕಾಲು ಸಣ್ಣ ಚಮಚ ಉಪ್ಪು ಹಾಕಿದರೆ ಆಯಿತು. ಲಿಂಬೆಯ ಬದಲು ನೀರು ಮಜ್ಜಿಗೆ ಸೇರಿಸಿದರೆ ಮತ್ತೊಂದು ರುಚಿ.

ಮೂರನೆಯದು ಬೂದುಗುಂಬಳದ್ದು. ಸಿಪ್ಪೆ, ಬೀಜ ತೆಗೆದು ತುರಿದು ಹಿಂಡಿ. ಆ ರಸಕ್ಕೆ ಅಷ್ಟೇ ನೀರು, ಲಿಂಬೆರಸ, ಉಪ್ಪು, ಕಾಳುಮೆಣಸಿನ ಹುಡಿ. ಹಿಂಡಿದ ತುರಿ ಹಲ್ವಕ್ಕೋ ಪಲ್ಯಕ್ಕೋ ಹೋಗುತ್ತದೆ, ಏನೂ ಹಾಳಾಗುವುದಿಲ್ಲ. ಹಲ್ವ ಮಾಡುವ ದಿನ ನಮಗೆ ಈ ಪಾನಕ ಬಿಟ್ಟಿ.

ಕಡೆಗಣಿಸಬಾರದ ಜಾಗ್ರತೆಗಳು

ಪಾನಕ ಸುಲಭ, ಆದರೆ ಹಸಿ ತರಕಾರಿ. ಬೇಯಿಸಿದ ಸಾಂಬಾರಿನ ಹಾಗೆ ಅಲ್ಲ. ಇದರಲ್ಲಿ ನಾವು ತಪ್ಪು ಮಾಡಿಯೇ ಕಲಿತದ್ದು.

ಮೊದಲನೆಯದು ಕಹಿ. ಸೌತೆ, ಸೋರೆ, ಕುಂಬಳ ಜಾತಿಯ ತರಕಾರಿಗಳಲ್ಲಿ ಕೆಲವೊಮ್ಮೆ ಕುಕುರ್ಬಿಟಾಸಿನ್ ಎಂಬ ಕಹಿ ವಿಷ ಹೆಚ್ಚಾಗಿರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯುವುದಿಲ್ಲ, ಬೇಯಿಸಿದರೂ ಹೋಗುವುದಿಲ್ಲ. 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿಯೇ ಕಹಿಯಾದ ಸೋರೆಕಾಯಿಯ ರಸ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿ ಜನರಿಗೆ ಸಲಹೆ ಕೊಟ್ಟಿತು: ರಸ ತೆಗೆಯುವ ಮೊದಲು ಒಂದು ತುಂಡು ರುಚಿ ನೋಡಿ, ಕಹಿಯಿದ್ದರೆ ಬಿಸಾಡಿ, ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಬೆಲ್ಲ, ಲಿಂಬೆ ಹಾಕಿದ ಮೇಲೆ ಕಹಿ ಗೊತ್ತಾಗುವುದಿಲ್ಲ. ಆದುದರಿಂದ ಪ್ರತಿಯೊಂದು ಸೌತೆಯಿಂದಲೂ, ಪ್ರತಿಯೊಂದು ಬೂದುಗುಂಬಳದಿಂದಲೂ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿಯೇ ಪಾತ್ರೆಗೆ ಹಾಕಬೇಕು. ಒಂದು ಕಹಿಕಾಯಿ ಇಡೀ ಹಂಡೆಯನ್ನು ಕೆಡಿಸುತ್ತದೆ. ಸೋರೆಕಾಯಿ, ಎಂದರೆ ದೂಧಿಯ ಹಸಿ ಜ್ಯೂಸ್ ಹೊಟೇಲಿನಲ್ಲಿ ಬೇಡವೇ ಬೇಡ ಎಂಬುದು ನಮ್ಮ ಅಭಿಪ್ರಾಯ. ಬೆಳಿಗ್ಗೆ ವಾಕಿಂಗಿನಿಂದ ಬರುವ ಗಿರಾಕಿಗಳು ಎಷ್ಟು ಕೇಳಿದರೂ ನಾವು ಇಡುವುದಿಲ್ಲ.

ಎರಡನೆಯದು ಮಂಜುಗಡ್ಡೆ. ಮೀನು ಇಡಲು ತರುವ ಗಡ್ಡೆ ಬೇರೆ, ಬಾಯಿಗೆ ಹಾಕುವ ಗಡ್ಡೆ ಬೇರೆ. ಮಹಾರಾಷ್ಟ್ರದಲ್ಲಿ 2018ರಿಂದ ತಿನ್ನಲು ಬಾರದ ಗಡ್ಡೆಗೆ ನೀಲಿ ಬಣ್ಣ ಹಾಕಬೇಕೆಂಬ ನಿಯಮ ಬಂದಿದೆ. ಬಣ್ಣ ಇಲ್ಲ ಎಂದಾಕ್ಷಣ ಒಳ್ಳೆಯ ನೀರಿನದ್ದೇ ಎಂದು ನಂಬಬೇಡಿ, ಎಲ್ಲಿಂದ ಬಂತೆಂದು ಕೇಳಿ. ನಾವು ಪಾನಕಕ್ಕೆ ಗಡ್ಡೆ ಹಾಕುವುದೇ ಇಲ್ಲ. ಫಿಲ್ಟರಿನ ನೀರನ್ನು ಫ್ರಿಜ್ಜಿನಲ್ಲಿಟ್ಟು ಅದರಲ್ಲೇ ಮಾಡುತ್ತೇವೆ. ಹಳೆಯ ಮಣ್ಣಿನ ಹೂಜಿ ಇದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಹೊತ್ತು. ಮೊದಲನೆಯ ವರ್ಷ ಒಂದು ದಿನ ಬೆಳಿಗ್ಗೆ ಮಾಡಿದ್ದನ್ನು ಉಳಿಯಿತೆಂದು ಸಂಜೆ ಐದಕ್ಕೆ ಕೊಟ್ಟೆವು. ಹೊರಗೆ ಇಟ್ಟದ್ದು ಹುಳಿ ಬಂದಿತ್ತು. ಇಬ್ಬರಿಗೆ ರಾತ್ರಿ ಹೊಟ್ಟೆ ಕೆಟ್ಟಿತು. ಉಪಕಾರ ಮಾಡಲು ಹೋಗಿ ಅಪಕಾರವಾಯಿತು. ಈಗ ಹನ್ನೊಂದಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಬೇರೆ ಬೇರೆಯಾಗಿ ಮಾಡುತ್ತೇವೆ. ಸೋಸಿದ ಒಂದು ಗಂಟೆಯೊಳಗೆ ಮುಗಿಯಬೇಕು, ಉಳಿದರೆ ಚೆಲ್ಲಬೇಕು. ಸೋಸುವ ಬಟ್ಟೆಯನ್ನು ದಿನವೂ ಕುದಿಯುವ ನೀರಿಗೆ ಹಾಕಬೇಕು.

ನಾಲ್ಕನೆಯದು, ಬೆಲ್ಲವೂ ಸಕ್ಕರೆಯೇ. ನಮ್ಮಂಥ ಐವತ್ತು ದಾಟಿದ ಮಾಲಕರಲ್ಲಿ ಶುಗರ್ ಇಲ್ಲದವರು ಎಷ್ಟು ಜನ? ಅಂಥವರಿಗೆ ಮುಳ್ಳುಸೌತೆಯದ್ದೇ ಸರಿ. ಬಿ.ಪಿ. ಇದ್ದವರು ಉಪ್ಪು ನೋಡಿಕೊಳ್ಳಬೇಕು. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರರನ್ನು ಕೇಳದೆ ಯಾವ ಜ್ಯೂಸನ್ನೂ ಹಿಡಿಯಬಾರದು.

ಐದನೆಯದು ಎಲ್ಲಕ್ಕಿಂತ ಮುಖ್ಯ. ಪಾನಕ ಔಷಧವಲ್ಲ. ಯಾರಿಗಾದರೂ ಮೈ ಕೆಂಡದ ಹಾಗೆ ಸುಡುತ್ತಿದ್ದರೆ, ಮಾತು ತಡವರಿಸಿದರೆ, ಪ್ರಜ್ಞೆ ತಪ್ಪಿದರೆ ಬಾಯಿಗೆ ಏನನ್ನೂ ಸುರಿಯಬಾರದು. ತಂಪು ಜಾಗಕ್ಕೆ ತಂದು, ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಫೋನು ಮಾಡಬೇಕು. ಪ್ರಜ್ಞೆ ಇದ್ದು ಬರೀ ಸುಸ್ತಾದವನಿಗೆ ಓ.ಆರ್.ಎಸ್. ಕೊಡಬಹುದು. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಸಮಮಟ್ಟದ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ನಮ್ಮ ದೋಸೆಯವನು ಸಂಬಂಧವಿಲ್ಲದ ಮಾತಾಡಿದಾಗಲೇ ನಮಗೆ ಇದು ಗೊತ್ತಿರಬೇಕಿತ್ತು. ಕುಡಿದಿದ್ದಾನೆಂದು ತಿಳಿದ ನಮ್ಮಂಥ ತಪ್ಪು ನೀವು ಮಾಡಬೇಡಿ.

ಮಾಲಕರು ಕೇಳುವ ಪ್ರಶ್ನೆಗಳು

ಈ ವಿಷಯ ಹೇಳಿದಾಗ ಸ್ನೇಹಿತರು ಕೇಳಿದ ಪ್ರಶ್ನೆಗಳಿವೆ. ಅವರು ಕೇಳಿದ್ದರಲ್ಲಿ ಹುರುಳಿದೆ, ತಳ್ಳಿಹಾಕುವ ಹಾಗಿಲ್ಲ.

ಖರ್ಚು ಎಷ್ಟು ಎಂದು ಮೊದಲು ಕೇಳುತ್ತಾರೆ. ನಮ್ಮಲ್ಲಿ ಹದಿನೆಂಟು ಜನ. ತಿರುಳಿನ ದಿನ ಬೆಲ್ಲ, ಏಲಕ್ಕಿ ಮಾತ್ರ ಖರ್ಚು. ಮುಳ್ಳುಸೌತೆ, ಲಿಂಬೆ ತರಿಸಿದ ದಿನ ನೂರೈವತ್ತು ಇನ್ನೂರು ರೂಪಾಯಿ ತನಕ ಹೋಗುತ್ತದೆ. ಲಿಂಬೆ ದುಬಾರಿಯಾದಾಗ ಪುನರ್ಪುಳಿಯ ನೀರು ಹಾಕುತ್ತೇವೆ. ಒಬ್ಬ ದೋಸೆಯವನು ಹತ್ತು ದಿನ ಇಲ್ಲದಿದ್ದರೆ ಆಗುವ ನಷ್ಟ ಎಷ್ಟೆಂದು ನೀವೇ ಲೆಕ್ಕ ಹಾಕಿ. ಹಾಗೆಂದು ಲಾಭಕ್ಕಾಗಿಯೇ ಮಾಡಿ ಎಂದು ನಾವು ಹೇಳುವುದಿಲ್ಲ. ಲಾಭ ಇಲ್ಲದಿದ್ದರೂ ಮಾಡಬೇಕಾದ ಕೆಲಸ ಇದು.

ಮಾಡುವವರು ಯಾರು ಎಂಬುದು ಎರಡನೆಯ ಪ್ರಶ್ನೆ. ಹೌದು, ಗಡಿಬಿಡಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ನಾವು ಮೊದಲು ಒಬ್ಬ ಹುಡುಗನಿಗೆ ಹೇಳಿದೆವು, ಎರಡು ದಿನ ನಡೆದು ನಿಂತಿತು. ಅವನಿಗೆ ಅದು ಹೆಚ್ಚಿನ ಕೆಲಸವಾಯಿತು ಅಷ್ಟೇ. ಈಗ ಹನ್ನೊಂದರದ್ದನ್ನು ನಾವೇ ಮಾಡುತ್ತೇವೆ. ಗಲ್ಲಾವನ್ನು ಮೇನೇಜರನಿಗೆ ಬಿಟ್ಟು ಇಪ್ಪತ್ತು ನಿಮಿಷ ಒಳಗೆ ನಿಲ್ಲುತ್ತೇವೆ. ಆ ಇಪ್ಪತ್ತು ನಿಮಿಷದಲ್ಲಿ ಒಳಗಿನ ಸೆಕೆ ಎಷ್ಟೆಂದು ನಮಗೂ ಗೊತ್ತಾಗುತ್ತದೆ. ಎಕ್ಸಾಸ್ಟ್ ಫ್ಯಾನು ಎಷ್ಟೋ ತಿಂಗಳಿನಿಂದ ಅರ್ಧ ವೇಗದಲ್ಲಿ ತಿರುಗುತ್ತಿದೆ ಎಂಬುದು ಹಾಗೆ ನಿಂತಾಗಲೇ ಕಣ್ಣಿಗೆ ಬಿದ್ದದ್ದು.

ಹುಡುಗರು ಕುಡಿಯುವುದಿಲ್ಲ, ಅವರಿಗೆ ಬಾಟಲಿಯೇ ಬೇಕು ಎನ್ನುತ್ತಾರೆ. ಇದೂ ಅರ್ಧ ನಿಜ. ಬೆಲ್ಲದ ಪಾನಕ ನಮ್ಮ ಕುಂದಾಪುರ, ಕಾರ್ಕಳದ ಕಡೆಯವರು ಖುಷಿಯಿಂದ ಕುಡಿದರು. ಉತ್ತರ ಪ್ರದೇಶ, ಜಾರ್ಖಂಡಿನ ಹುಡುಗರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ನಾವು ಬೇಸರ ಮಾಡಿಕೊಂಡೆವು. ಆಮೇಲೆ ಅವರಲ್ಲೇ ಒಬ್ಬನನ್ನು ಕೇಳಿದೆವು. ‘ಅಣ್ಣಾ, ಕಾಕಡಿಯದಕ್ಕೆ ಕಾಲಾ ನಮಕ್, ಹುರಿದ ಜೀರಿಗೆ, ಪುದೀನ ಹಾಕಿ ನೋಡಿ’ ಎಂದ. ಹಾಕಿದೆವು, ಹಂಡೆ ಖಾಲಿಯಾಯಿತು. ಈಗ ಆ ಕ್ರಮ ನಮ್ಮ ಮನೆಗೂ ಹೋಗಿದೆ. ನಮ್ಮ ರುಚಿಯೇ ಎಲ್ಲರ ರುಚಿ ಎಂದು ಹಠ ಹಿಡಿದರೆ ಪಾನಕ ಉಳಿಯುತ್ತದೆ, ಹುಡುಗರು ಬಾಯಾರುತ್ತಾರೆ.

ಕುಡಿದರೆ ಪದೇ ಪದೇ ಹೊರಗೆ ಹೋಗುತ್ತಾರೆ ಎಂದು ಒಬ್ಬರು ಹಿರಿಯ ಮಾಲಕರು ಹೇಳಿದರು. ಹೋಗಲಿ. ನೀರು ಕುಡಿದವನು ಹೋಗಲೇಬೇಕು. ಅದಕ್ಕಾಗಿ ಕಾವಲಿಗೆ ಬದಲಿ ಆಳು ಇಡಬೇಕಾದದ್ದು ನಮ್ಮ ಕೆಲಸ. ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಇಬ್ಬರೂ ಜಾಗ ಬದಲಾಯಿಸುವ ಪದ್ಧತಿ ನಾವು ಮಾಡಿದ್ದೇವೆ. ಆದಿತ್ಯವಾರ ಕಷ್ಟವಾಗುತ್ತದೆ, ಗಿರಾಕಿ ಎರಡು ನಿಮಿಷ ಕಾಯುತ್ತಾನೆ. ಇಷ್ಟರ ತನಕ ಒಬ್ಬ ಗಿರಾಕಿಯೂ ಆ ಕಾರಣಕ್ಕೆ ಎದ್ದು ಹೋದದ್ದಿಲ್ಲ.

ಗಿರಾಕಿಗೆ ಮಾರಬಹುದೇ ಎಂದು ಕೇಳುವವರೂ ಇದ್ದಾರೆ. ಮಾರಬಹುದು. ನಮ್ಮಲ್ಲಿ ಎರಡನೆಯ ವರ್ಷದಿಂದ ಮುಳ್ಳುಸೌತೆ ಮಜ್ಜಿಗೆ ಬೋರ್ಡಿಗೆ ಬಂದಿದೆ, ಮಧ್ಯಾಹ್ನ ಚೆನ್ನಾಗಿಯೇ ಹೋಗುತ್ತದೆ. ಆದರೆ ಎರಡು ಮಾತು. ಗಿರಾಕಿಗೆ ಕೊಡುವುದಾದರೆ ಅವನ ಎದುರಿಗೇ ಹೊಸದಾಗಿ ಮಾಡಿ ಕೊಡಿ. ಇನ್ನೊಂದು, ಬೋರ್ಡಿನಲ್ಲಿ ಶುಗರ್ ಇಳಿಯುತ್ತದೆ, ಹೃದಯಕ್ಕೆ ಒಳ್ಳೆಯದು, ಕಲ್ಲು ಕರಗುತ್ತದೆ ಎಂದೆಲ್ಲ ಬರೆಯಬೇಡಿ. 2006ರ ಆಹಾರ ಸುರಕ್ಷತೆ ಕಾಯಿದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿ ತನಕ ದಂಡ ಇದೆ. ದಂಡದ ಮಾತು ಬಿಡಿ, ಅದನ್ನು ಓದಿ ಯಾರೋ ಮಾತ್ರೆ ಬಿಟ್ಟು ನಮ್ಮ ಜ್ಯೂಸ್ ಕುಡಿದರೆ ಆ ಪಾಪ ಯಾರಿಗೆ? ‘ಮುಳ್ಳುಸೌತೆ ಮಜ್ಜಿಗೆ’ ಎಂದು ಹೆಸರು, ದರ ಬರೆದರೆ ಸಾಕು.

ಕೊನೆಯದಾಗಿ

ಪಾನಕ ಕೊಟ್ಟರೆ ಎಲ್ಲ ಸರಿಹೋಯಿತು ಎಂದು ನಾವು ಹೇಳುತ್ತಿಲ್ಲ. ಗಾಳಿ ಆಡದ ಅಡುಗೆಮನೆಯಲ್ಲಿ ನಿಲ್ಲಿಸಿ, ಹನ್ನೆರಡು ಗಂಟೆ ದುಡಿಸಿ, ಮೇಲೊಂದು ಲೋಟ ಪಾನಕ ಕೊಟ್ಟು ಕೈತೊಳೆದುಕೊಂಡರೆ ಅದು ನ್ಯಾಯವಲ್ಲ. ಫ್ಯಾನು, ಹೊಗೆ ಹೋಗುವ ದಾರಿ, ಬಿಡುವು, ಕೈಗೆ ಸಿಗುವ ಹಾಗೆ ಕುಡಿಯುವ ನೀರು ಇವೆಲ್ಲ ಮೊದಲು ಬೇಕು. ಬಾಡಿಗೆ, ಗ್ಯಾಸು, ಲೈಸನ್ಸ್ ಖರ್ಚಿನಲ್ಲಿ ಸಣ್ಣ ಹೊಟೇಲಿನವರು ಎಲ್ಲವನ್ನೂ ಒಂದೇ ಸಲ ಮಾಡಲಾರರು ಎಂಬುದೂ ನಮಗೆ ಗೊತ್ತು, ನಮ್ಮದೂ ಸಣ್ಣ ಹೊಟೇಲೇ. ಆದರೆ ಪಾನಕವನ್ನು ನಾಳೆ ಬೆಳಿಗ್ಗೆಯೇ ಸುರು ಮಾಡಬಹುದು. ಅದಕ್ಕೆ ಸಾಲ ಬೇಡ, ಪರವಾನಿಗೆ ಬೇಡ. ಒಂದು ಹಂಡೆ, ಒಂದು ಬಟ್ಟೆ, ಕಸಕ್ಕೆ ಹೋಗುವ ತಿರುಳು ಸಾಕು.

ನಮ್ಮಲ್ಲಿ ಹೆಚ್ಚಿನವರು ಮೋರಿಯಿಂದಲೇ ಮೇಲೆ ಬಂದವರು. ಆಗ ಯಾರೋ ಒಬ್ಬ ಭಟ್ರು, ಯಾರೋ ಒಬ್ಬ ಅಣ್ಣ ನಮಗೆ ಒಂದು ಲೋಟ ಕೊಟ್ಟಿರುತ್ತಾರೆ. ಈಗ ಭಟ್ಟಿಯ ಎದುರು ನಿಂತವರು ಬೇರೆ ರಾಜ್ಯದವರು, ಬೇರೆ ಭಾಷೆಯವರು. ಅವರ ಅಮ್ಮಂದಿರೂ ದೂರದಲ್ಲಿದ್ದಾರೆ.

ಸಂಘದ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಪ್ರತಿವರ್ಷ ಬೇಸಿಗೆಯ ಸಭೆಯಲ್ಲಿ ದರಪಟ್ಟಿಯ ಚರ್ಚೆ ಇದ್ದೇ ಇರುತ್ತದೆ. ಈ ಸಲ ಅದರ ಜತೆ ಅಡುಗೆಮನೆಯ ಸೆಕೆಯ ವಿಷಯವನ್ನೂ ಒಂದು ಹತ್ತು ನಿಮಿಷ ಮಾತಿಗೆ ತೆಗೆದುಕೊಳ್ಳಬೇಕು. ಒಬ್ಬ ಡಾಕ್ಟರರನ್ನು ಕರೆಸಿ, ಬಿಸಿಲಿನ ಹೊಡೆತದ ಲಕ್ಷಣಗಳನ್ನು ಕನ್ನಡ, ಹಿಂದಿ ಎರಡರಲ್ಲೂ ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಸದಸ್ಯರಿಗೆ ಹಂಚಿದರೆ ಅಡುಗೆಮನೆಯ ಗೋಡೆಗೆ ಅಂಟಿಸಬಹುದು. ಅಚ್ಚಿನ ಖರ್ಚಿನಲ್ಲಿ ನಮ್ಮ ಪಾಲು ನಾವು ಕೊಡುತ್ತೇವೆ.

ನಿಮ್ಮ ಮನೆಯಲ್ಲಿ ಇದಕ್ಕಿಂತ ಒಳ್ಳೆಯ ಪಾನಕದ ಕ್ರಮ ಇದ್ದರೆ ಈ ಪತ್ರಿಕೆಗೆ ಬರೆದು ತಿಳಿಸಿ, ನಾವೂ ಮಾಡಿ ನೋಡುತ್ತೇವೆ. ಹೆಚ್ಚು ಕಡಿಮೆ ಮಾತಾಡಿದ್ದರೆ ಹಿರಿಯರು ಕ್ಷಮಿಸಬೇಕು. ನಾಳೆ ಸೌತೆ ಹೆಚ್ಚುವಾಗ ಒಮ್ಮೆ ಒಳಗೆ ಹೋಗಿ ನೋಡಿ, ತಿರುಳು ಎಲ್ಲಿಗೆ ಹೋಗುತ್ತದೆ ಎಂದು.